ಮುಳುಗೋರ ಸಭೆ

ಪಾವಗಡದ ಕೋಟೆಬೆಟ್ಟದಿಂದ ಮೂಡಲಿಗೆ ಎರಡು ಹರದಾರಿ ನಡೆದರೆ ಬಂಡೆಹಟ್ಟಿ. ಅಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ, ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಆ ಕಾಲಕ್ಕೆ ಊರಿನ ಅಂಚಿನಲ್ಲಿ ಹದಿನೇಳು ಮನೆ ಕ್ರೈಸ್ತರಿದ್ದರು, ಗಡಿಯಾಚೆಯ ತೆಲುಗು ಸೀಮೆಯಿಂದ ಬಂದ ಬ್ಯಾಪ್ಟಿಸ್ಟ್ ಮಿಷನ್ನಿಗೆ ಸೇರಿದವರು. ಬ್ಯಾಪ್ಟಿಸ್ಟ್ ಎಂಬ ಮಾತು ಊರವರ ನಾಲಿಗೆಗೆ ಹತ್ತಲಿಲ್ಲ. ತುಮಕೂರು ಕಡೆಯ ಇನ್ನೊಂದು ಮಿಷನ್ನಿನವರು ಹಣೆಯ ಮೇಲೆ ನಾಲ್ಕು ಹನಿ ಚಿಮುಕಿಸಿ ಜನರನ್ನು ಸಭೆಗೆ ಸೇರಿಸಿಕೊಳ್ಳುತ್ತಿದ್ದರು. ಇವರು ನೆತ್ತಿ ಮುಳುಗುವ ತನಕ ನೀರಿನಲ್ಲಿ ಅದ್ದಿ ಎಬ್ಬಿಸುತ್ತಿದ್ದರು. ಹಾಗಾಗಿ ಅವರು ಚಿಮುಕೋರು, ಇವರು ಮುಳುಗೋರು. ಹೆಸರಿಡುವುದರಲ್ಲಿ ಬಂಡೆಹಟ್ಟಿಯವರನ್ನು ಮೀರಿಸುವವರು ಇನ್ನೂ ಹುಟ್ಟಬೇಕು.

ಪೆದ್ದಣ್ಣ ಮುಳುಗೋರ ಪೈಕಿ ಮೊದಲನೆಯವನು. ಕಲ್ಲು ಕೆಲಸ ಅವನ ಕಸುಬು. ಒರಳು, ಬೀಸುವ ಕಲ್ಲು, ಬಾವಿಯ ಕಟ್ಟೆ, ಸರ್ಕಾರಿ ರಸ್ತೆಯ ಮೈಲಿಗಲ್ಲು ಎಲ್ಲ ಮಾಡುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ. ಆದರೆ ಮೈಲಿಗಲ್ಲು ಕೊರೆದೂ ಕೊರೆದೂ ಇಂಗ್ಲಿಷ್ ಅಂಕಿಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. ಮನುಷ್ಯ ಆಳಿನಲ್ಲಿ ದೊಡ್ಡವನು, ಮಾತಿನಲ್ಲಿ ಸಣ್ಣವನು. ಒಮ್ಮೆ ಒಬ್ಬರನ್ನು ನಂಬಿದರೆ ನಂಬಿದ್ದೇ. ಅದು ಒಳ್ಳೆಯ ಗುಣ ಅಂತ ಎಲ್ಲರೂ ಹೇಳುತ್ತಿದ್ದರು. ಅಂಥವರಿಂದ ಕೆಲಸ ಆಗಬೇಕಾದವರಂತೂ ಇನ್ನೂ ಜೋರಾಗಿ ಹೇಳುತ್ತಿದ್ದರು.

ಅವನು ನಂಬಿದ್ದು ಉಪದೇಶಿ ತಿಮೋತಪ್ಪನನ್ನು. ಈ ತಿಮೋತಪ್ಪ ಮೊದಲು ಮಧುಗಿರಿ ಕಡೆಯ ತಿಮ್ಮರಾಯಪ್ಪ. ತಿಮ್ಮರಾಯಪ್ಪ ತಿಮೋತಪ್ಪನಾಗಲು ಬಹಳ ದೂರ ಹೋಗಬೇಕಾಗಲಿಲ್ಲ. ಬಿಳಿ ಕೋಟು, ಬಿಳಿ ಪಂಚೆ, ಕಂಚಿನಂಥ ಕಂಠ. ಅವನು ಯೇಸು ಮುಳುಗಿ ಎದ್ದ ಯೊರ್ದಾನ್ ಹೊಳೆಯ ಕಥೆ ಹೇಳಿದರೆ ಕೇಳುವವರ ಮೊಣಕಾಲಿಗೆ ತಣ್ಣಗೆ ನೀರು ತಾಕಿದ ಹಾಗಾಗುತ್ತಿತ್ತು. ಗಡಿಯ ಜನ ಅವನನ್ನು ತೆಲುಗಿನ ರೂಢಿಯಲ್ಲಿ ಅಯ್ಯಗಾರು ಎಂದು ಕರೆಯುತ್ತಿದ್ದರು.

ಪೆದ್ದಣ್ಣ ಮನಸ್ಸು ಕೊಟ್ಟದ್ದು ಹೊಳೆಯ ಕಥೆಗಲ್ಲ, ಕೈ ಎತ್ತುವ ಪದ್ಧತಿಗೆ. ಮುಳುಗೋರಲ್ಲಿ ಮೇಲಿನಿಂದ ಅಪ್ಪಣೆ ಕೊಡುವ ಗುರುಗಳಿಲ್ಲ, ಯಾವ ವಿಷಯವಾದರೂ ಸಭೆಯೇ ಕೂತು ತೀರ್ಮಾನ ಮಾಡಬೇಕು. ಹೊಸಬರನ್ನು ಸೇರಿಸಿಕೊಳ್ಳಬೇಕೇ, ಪ್ರಾರ್ಥನೆ ಮನೆಗೆ ಹೆಂಚು ಹಾಕಬೇಕೇ, ಕುಡಿದು ಬಂದವನನ್ನು ಹೊರಗಿಡಬೇಕೇ, ಎಲ್ಲದಕ್ಕೂ ಒಪ್ಪುವವರು ಕೈ ಎತ್ತಬೇಕು. "ಇಲ್ಲಿ ದೊರೆಯ ಕೈಯೂ ಒಂದೇ ಕೈ, ಕಲ್ಲು ಹೊಡೆಯುವವನ ಕೈಯೂ ಒಂದೇ ಕೈ" ಎಂದು ತಿಮೋತಪ್ಪ ಮೊದಲ ದಿನ ಹೇಳಿದಾಗ ಪೆದ್ದಣ್ಣ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದ. ಊರಿನ ಪಂಚಾಯಿತಿಯಲ್ಲಿ ಅವನ ಕುಲದವರು ದೂರ ನಿಂತು ಕೇಳಬೇಕಿತ್ತೇ ಹೊರತು ಅವರ ಕೈಯನ್ನು ಯಾರೂ ಎಣಿಸಿದ್ದಿಲ್ಲ.

ಮೊದಲ ಬಾಪ್ತಿಸ್ಮಕ್ಕೆ ನೀರಿನ ತೊಡಕು ಬಂತು. ಊರ ಕೆರೆಗೆ ಇಳಿಯಲು ಗೌಡ ಬಿಡಲಿಲ್ಲ. "ನೀವು ಮುಳುಗೆದ್ದ ನೀರ್ನ ನಾವು ಕುಡೀಬೇಕೇನ್ಲಾ?" ಎಂದು ಬೈದು ಕಳಿಸಿದ. ಆಗ ಪೆದ್ದಣ್ಣ ಪ್ರಾರ್ಥನೆ ಮನೆಯ ಹಿಂದಿನ ಬಂಡೆಯಲ್ಲೇ ಎದೆಮಟ್ಟದ ತೊಟ್ಟಿ ಕಡಿದ. ಎರಡು ತಿಂಗಳ ಕೆಲಸ. ಒಂದು ಕಡೆ ಇಳಿಯಲು ಮೆಟ್ಟಿಲು, ಇನ್ನೊಂದು ಕಡೆ ಹತ್ತಲು ಮೆಟ್ಟಿಲು. ಇಳಿದವನೇ ಬೇರೆ, ಹತ್ತಿ ಬರುವವನೇ ಬೇರೆ, ಆದ್ದರಿಂದ ಒಂದೇ ಮೆಟ್ಟಿಲು ಸಲ್ಲದು ಎಂದು ತಿಮೋತಪ್ಪ ಹೇಳಿದ್ದ.

ತೊಟ್ಟಿ ತುಂಬಲು ಬಾವಿಯಿಂದ ಕೊಡಗಟ್ಟಲೆ ನೀರು ಹೊರಬೇಕು. ಹೊತ್ತವಳು ಪೆದ್ದಣ್ಣನ ಹೆಂಡತಿ ಮುದ್ದಕ್ಕ. ತಮಾಷೆ ಎಂದರೆ ಅವಳು ಸಭೆಗೆ ಸೇರಿರಲೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಮಕ್ಕಳಿಲ್ಲದ ಆ ಸಂಸಾರದಲ್ಲಿ ಗಂಡ ನೀರಿಗೆ, ಹೆಂಡತಿ ಏರಿಗೆ. ಗಂಡನ ಬಾಪ್ತಿಸ್ಮದ ದಿನ ಒಣಗಿದ ಪಂಚೆ ಹಿಡಿದು ದಡದಲ್ಲಿ ನಿಂತಿದ್ದವಳನ್ನು "ಮುದ್ದಕ್ಕ, ನೀನೂ ಇಳಿ ತಾಯಿ" ಎಂದು ತಿಮೋತಪ್ಪ ಕರೆದ.

"ಎಲ್ರೂ ನೀರ್ನಾಗಿದ್ರೆ ಒಣ ಪಂಚೆ ಕೊಡೋರು ಯಾರು ಅಯ್ಯಗಾರೂ?" ಎಂದಳು ಮುದ್ದಕ್ಕ. ಬಾಪ್ತಿಸ್ಮಕ್ಕೆಂದು ಬಂದಿದ್ದ ಮಿಷನ್ನಿನ ಬಿಳಿಯ ದೊರೆಯೂ ನಕ್ಕುಬಿಟ್ಟ.

"ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ, ನೋಡೋಣ" ಎಂದು ತಿಮೋತಪ್ಪನೂ ನಕ್ಕ.

ಹಾಗೆ ಹತ್ತು ವರ್ಷ. ಯಾರ ಬಾಪ್ತಿಸ್ಮವಾದರೂ ನೀರು ಹೊರುವವಳು ಮುದ್ದಕ್ಕ, ಚಳಿಗೆ ನಡುಗುತ್ತ ಹತ್ತಿ ಬಂದವರಿಗೆ ಕಂಬಳಿ ಹೊದಿಸುವವಳು ಮುದ್ದಕ್ಕ. ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ಪದ ಹಾಡುವಳು. ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತಿಗೆ ಎದ್ದು ಹೊರಗೆ ಹೋಗುವಳು. ಅದು ಮುಳುಗಿದವರಿಗೆ ಮಾತ್ರ. ಕೇರಿಯ ಪಕ್ಕ ಸಭೆಯವರಿಗೆ ಒಂದು ಸಮಾಧಿ ಜಾಗ ಸಿಕ್ಕಿತು. ಪೆದ್ದಣ್ಣ ಅದರ ಸುತ್ತ ಎದೆಯೆತ್ತರ ಕಲ್ಲುಗೋಡೆ ಕಟ್ಟಿದ. ಅದೂ ಮುಳುಗಿದವರಿಗೆ ಮಾತ್ರ. ಗೋಡೆಗೆ ಕಲ್ಲು ಎತ್ತಿ ಕೊಟ್ಟವಳೂ ಮುದ್ದಕ್ಕನೇ.

ಒಂದು ಸಂಜೆ ರಾಗಿ ಬೀಸುತ್ತಿದ್ದವಳು ಇದ್ದಕ್ಕಿದ್ದಂತೆ ಕಲ್ಲು ನಿಲ್ಲಿಸಿದಳು. "ಯೋವ್, ಆ ಗೋಡೆ ಒಳಗೆ ನಿನ್ನ ಹೂಳ್ತಾರೆ, ಅಲ್ವಾ?"

"ಊಂ."

"ನನ್ನ?"

ಪೆದ್ದಣ್ಣ ಪಕ್ಕದಲ್ಲಿದ್ದ ಉಳಿಯನ್ನು ಎತ್ತಿ ಕಲ್ಲಿಗೆ ಮಸೆಯತೊಡಗಿದ.

"ಮೂವತ್ತು ವರ್ಷ ಒಂದೇ ಚಾಪೆ ಮ್ಯಾಗೆ ಮಲ್ಗಿವಿ. ಸತ್ಮೇಲೆ ಬ್ಯಾರೆ ಬ್ಯಾರೆ ಯಾಕೆ? ನಿಮ್ಮ ಯೇಸಪ್ಪನ್ನ ನಾನೂ ಈಟು ದಿನದಿಂದ ನೋಡ್ತಾನೇ ಇವ್ನಿ. ಒಳ್ಳೇನು. ನಾನೂ ಸೇರ್ಕಂತೀನಿ ಅಂತ ಅಯ್ಯಗಾರ್ಗೆ ಯೋಳು."

ಪೆದ್ದಣ್ಣ ಆ ರಾತ್ರಿ ಊಟ ಮಾಡಲಿಲ್ಲ, ಸಂತೋಷಕ್ಕೆ. ಬೆಳಿಗ್ಗೆಯೇ ಹೋಗಿ ಹೇಳಿದ. ಕ್ರಿಸ್ಮಸ್ ಕಳೆದ ಮೇಲೆ ಮೊದಲ ಭಾನುವಾರ ಎಂದು ತಿಮೋತಪ್ಪ ದಿನ ಗೊತ್ತುಮಾಡಿದ.

ಆದರೆ ಅಷ್ಟರಲ್ಲಿ ಮಾಗಿಯ ಚಳಿ ಅವಳ ಎದೆಗೆ ಹತ್ತಿತು. ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ಉಸಿರು ಎಳೆದರೆ ಹಳೆಯ ಬಾಗಿಲು ತೆಗೆದ ಹಾಗೆ ಸದ್ದು. ಪಾವಗಡದ ಡಾಕ್ಟರು ಬಂದು ನೋಡಿ, ಮೈಗೆ ತಣ್ಣೀರು ಸೋಕಿಸಿದರೆ ಹೆಣ ಎತ್ತಬೇಕಾಗುತ್ತದೆ ಎಂದರು. ಕೊನೆಗೆ ಅವಳೇ ಅಯ್ಯಗಾರನ್ನು ಕರೆಸು ಎಂದಳು. ತಿಮೋತಪ್ಪ ಬಂದು ಚಾಪೆಯ ಪಕ್ಕ ಕೂತ.

"ಅಯ್ಯಗಾರೂ, ತೊಟ್ಟಿಗೆ ಇಳ್ಯಾಕೆ ಆಗಲ್ಲ ನಂಗೆ. ಆ ಚಿಮುಕೋರು ಮಾಡ್ತಾರಲ್ಲ, ಅಂಗೆ ಒಂದೀಟು ನೀರು ತಲೆ ಮ್ಯಾಗೆ ಆಕ್ಬುಡಿ. ಅಷ್ಟೇ ಸಾಕು."

"ಹಾಗೆ ಹೇಳಬಾರದು ತಾಯಿ. ಚಿಮುಕಿಸಿದ್ದು ಬಾಪ್ತಿಸ್ಮ ಆಗೋದಿಲ್ಲ. ನಮ್ಮ ಕರ್ತ ಹೊಳೆಯಲ್ಲಿ ಮುಳುಗಿ ಎದ್ದ. ಅದನ್ನ ನಾನು ಬದಲಾಯಿಸೋದಕ್ಕೆ ಯಾರು? ನಿನ್ನ ನಂಬಿಕೆ ದೇವರಿಗೆ ಗೊತ್ತಿದೆ, ಅದೇ ನಿನ್ನ ರಕ್ಷಣೆ. ವಾಸಿಯಾಗಲಿ, ತೊಟ್ಟಿ ತುಂಬಿಸೋಣ."

"ಯೇಸಪ್ಪನ ಪಕ್ಕದ ಶಿಲುಬೆ ಮ್ಯಾಗಿದ್ದ ಕಳ್ಳನ್ನ ಯಾವ ತೊಟ್ಟೀಲಿ ಮುಳುಗ್ಸಿದ್ರು? ಅವನ್ನ ಸ್ವರ್ಗಕ್ಕೆ ಕರ್ಕಂಡೋಗ್ಲಿಲ್ವಾ?"

"ಸ್ವರ್ಗದ ಮಾತು ಬೇರೆ ತಾಯಿ, ಸಭೆಯ ಮಾತು ಬೇರೆ."

"ಸ್ವರ್ಗದ್ದು ದೇವ್ರು ನೋಡ್ಕಂತಾನೆ ಬುಡಿ. ನಾನು ಕೇಳ್ತಿರೋದು ಗೋಡೆ ಒಳಗಿನ ಜಾಗ."

ತಿಮೋತಪ್ಪ ಆಗದು ಎಂದು ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಇಲ್ಲ ಅನ್ನಬಾರದು. ಆದರೆ ಕಣ್ಣೀರಿನಿಂದ ಬಾಪ್ತಿಸ್ಮ ಕೊಡುವ ಪದ್ಧತಿ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಗುಡಿಗೆ ಮಾತ್ರ ಅಂತ ಯಾರು ಹೇಳಿದರು?

ಮುದ್ದಕ್ಕ ಗಂಡನ ಕಡೆ ತಿರುಗಿದಳು. "ನೀನಾದ್ರೂ ಯೋಳು" ಎಂದಳು. ಪೆದ್ದಣ್ಣ ಅಯ್ಯಗಾರ ಮುಖ ನೋಡಿದ. ಆ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. "ಅಯ್ಯಗಾರು ತಿಳ್ದೋರು ಕಣೆ ಮುದ್ದಿ. ವಾಸಿ ಆಗ್ತದೆ, ಸುಮ್ನಿರು" ಎಂದ. ಅವಳು ಗೋಡೆಯ ಕಡೆ ಮಗ್ಗುಲಾದಳು. ಮಾರನೆಯ ದಿನ ಮಧ್ಯಾಹ್ನ ಉಸಿರು ನಿಂತಿತು.

ಹೆಣ ಮನೆಯಲ್ಲಿರುವಾಗಲೇ ಸಭೆ ಸೇರಿತು. ಹಿರಿಯ ಕದರಪ್ಪ ಮೊದಲೇ ಎದ್ದು ನಿಂತ. ಅವನ ಮೂರು ಮಕ್ಕಳ ಬಾಪ್ತಿಸ್ಮಕ್ಕೂ ನೀರು ಹೊತ್ತವಳು ಮುದ್ದಕ್ಕ. "ಆ ಯಮ್ಮ ಹೊತ್ತ ನೀರ್ನಾಗೇ ನಾವೆಲ್ಲ ಮುಳುಗಿದ್ದು. ಒಳಗೇ ಹೂಳಾನ" ಎಂದ. ಅನೇಕರು ಹೌದೆಂದು ತಲೆ ಆಡಿಸಿದರು.

ತಿಮೋತಪ್ಪ ಪೆದ್ದಣ್ಣನನ್ನು ಬಾಗಿಲ ಹೊರಗೆ ಕರೆದು ಹೆಗಲ ಮೇಲೆ ಕೈಯಿಟ್ಟ. "ಪೆದ್ದಣ್ಣ, ಇವತ್ತು ಜನ ನಿನ್ನ ಮುಖ ನೋಡ್ತಾರೆ. ನಿನಗಾಗಿ ಒಂದು ಸಲ ನಿಯಮ ಮುರಿದರೆ ನಾಳೆ ಸಭೆಯೇ ಉಳಿಯೋದಿಲ್ಲ. ಅಬ್ರಹಾಮ ದೇವರ ಮಾತಿಗೆ ಮಗನನ್ನೇ ಬಲಿ ಕೊಡೋದಕ್ಕೆ ಹೊರಟಿದ್ದ. ನಿನ್ನನ್ನ ಕೇಳ್ತಾ ಇರೋದು ಆರಡಿ ನೆಲ."

ಒಳಗೆ ಬಂದು ಪ್ರಶ್ನೆ ಹಾಕಿದ. ಪ್ರಶ್ನೆ ಹಾಕುವುದರಲ್ಲಿ ಅವನು ಗಟ್ಟಿಗ. ಮುದ್ದಕ್ಕನನ್ನು ಹೊರಗಿಡೋಣವೇ ಎಂದು ಕೇಳಲಿಲ್ಲ. "ನಿಯಮ ಎಲ್ಲರಿಗೂ ಒಂದೇ ಎನ್ನುವವರು ಕೈ ಎತ್ತಿ" ಎಂದ.

ಯಾರೂ ಅಲುಗಾಡಲಿಲ್ಲ. ಎಲ್ಲರೂ ಪೆದ್ದಣ್ಣನನ್ನೇ ನೋಡುತ್ತಿದ್ದರು. ಅವನು ಕೈ ಎತ್ತಿದ. ಆಮೇಲೆ ಒಂದೊಂದಾಗಿ ಉಳಿದ ಕೈಗಳೂ ಮೇಲೆ ಹೋದವು. ಕದರಪ್ಪ ಅಳುತ್ತಲೇ ಎತ್ತಿದ.

ಅವಳನ್ನು ಗೋಡೆಯಾಚೆ ಹುಣಸೆಮರದ ಕೆಳಗೆ ಹೂಳಿದರು. ಪೆದ್ದಣ್ಣನ ತಮ್ಮ ಬೊಮ್ಮಪ್ಪ ಹಳೆಯ ದೇವರಿಗೇ ನಡೆದುಕೊಳ್ಳುತ್ತಿದ್ದವನು. ಅವನು ಗುಂಡಿ ತೋಡಿ, ಮಣ್ಣು ಮುಚ್ಚಿ, ಕೈ ತೊಳೆಯುತ್ತ ಅಣ್ಣನ ಮುಖ ನೋಡದೆ ಹೇಳಿದ: "ಅತ್ತಿಗೇನ ನಮ್ ಕಡೆ ಸುಡುಗಾಡ್ನಾಗೆ ಕೇಳಿದ್ರೆ ಜಾಗ ಕೊಡ್ತಿದ್ವಿ ಕಣಣ್ಣ. ನಿಮ್ಮೋರು ಆ ಕಡೀಗೂ ಇಲ್ದಂಗೆ ಈ ಕಡೀಗೂ ಇಲ್ದಂಗೆ ಮಾಡ್ಬುಟ್ರಲ್ಲ." ಪೆದ್ದಣ್ಣ ಒಂದು ಚಪ್ಪಡಿ ಕಡಿದು ತಲೆಯ ಕಡೆ ನೆಟ್ಟ. ಅಕ್ಷರ ಬರದಿದ್ದುದರಿಂದ ಇಸವಿ ಮಾತ್ರ ಕೊರೆದ: 1932.

ಆಮೇಲಿನ ನಾಲ್ಕು ವರ್ಷ ಅವನು ಬದುಕಿದ್ದು ಒಂದೇ ಮಾತಿನ ಬಲದ ಮೇಲೆ. ತಾನು ಮಾಡಿದ್ದು ಕಠಿಣ, ಆದರೆ ಸತ್ಯ. ಸತ್ಯಕ್ಕೆ ಬೆಲೆ ಕೊಡಬೇಕು, ಕೊಟ್ಟಿದ್ದೇನೆ. ದಿನವೂ ಕೆಲಸಕ್ಕೆ ಹೋಗುವಾಗ ಹುಣಸೆಮರದ ಹತ್ತಿರ ಒಂದು ಗಳಿಗೆ ನಿಂತು ಅದನ್ನೇ ಅವಳಿಗೂ ಹೇಳುತ್ತಿದ್ದ. ಅವಳು ಬದುಕಿದ್ದಾಗ ಎಲ್ಲದಕ್ಕೂ ಎದುರು ಮಾತಾಡುತ್ತಿದ್ದವಳು, ಈಗ ಏನೂ ಹೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ಮುಳುಗೋರ ದೊರೆ ತನ್ನ ದೇಶಕ್ಕೆ ಹೊರಟ. ಹೋಗುವ ಮುಂಚೆ ಎರಡು ಮಿಷನ್ನಿನ ದೊರೆಗಳೂ ಎಲ್ಲೋ ಒಂದು ಬಂಗಲೆಯಲ್ಲಿ ಕೂತು, ದಾಯಾದಿಗಳು ಹೊಲ ಪಾಲು ಮಾಡಿಕೊಂಡ ಹಾಗೆ ಸೀಮೆ ಹಂಚಿಕೊಂಡರು. ಗಡಿಯಾಚೆಯದು ನಮಗೆ, ಮೈಸೂರು ಸೀಮೆಯದು ನಿಮಗೆ. ಹೊಲದಲ್ಲಿದ್ದ ಪೈರನ್ನು ಯಾರೂ ಕೇಳಲಿಲ್ಲ. ಬಂಡೆಹಟ್ಟಿಯ ಹದಿನೇಳು ಮನೆಗಳು ಚಿಮುಕೋರ ಪಾಲಿಗೆ ಬಂದವು. ಉಪದೇಶಿಯ ಕೆಲಸ ಅದೇ ಊರಿನಲ್ಲಿ ಹಾಗೇ ಮುಂದುವರಿಯುತ್ತದೆ, ಸಭೆ ಒಪ್ಪಿದರೆ ಸಾಕು ಎಂದು ತುಮಕೂರಿನಿಂದ ಕಾಗದ ಬಂತು.

ಮುಂದಿನ ಭಾನುವಾರ ತಿಮೋತಪ್ಪ ಅದೇ ಕಂಚಿನ ಕಂಠದಲ್ಲಿ ಹೊಸ ಉಪದೇಶ ಮಾಡಿದ. "ನೀರು ಎಷ್ಟು ಅನ್ನೋದಲ್ಲ ಸಹೋದರರೇ, ಮನಸ್ಸು ಎಷ್ಟು ಅನ್ನೋದು. ಕೊಡದಲ್ಲಿರೋದೂ ನೀರೇ, ಹನಿಯಲ್ಲಿರೋದೂ ನೀರೇ."

ಪೆದ್ದಣ್ಣ ಕೂತಲ್ಲೇ ನೆಟ್ಟಗಾದ. ಪಕ್ಕದಲ್ಲಿದ್ದ ಕದರಪ್ಪ ಅವನ ಮಂಡಿ ಮುಟ್ಟಿ, ಸುಮ್ಮನಿರು ಎನ್ನುವ ಹಾಗೆ ಅದುಮಿದ. ಸಾಯಂಕಾಲ ಊರಿನವರಿಗೂ ಸುದ್ದಿ ಗೊತ್ತಾಯಿತು. ಅರಳಿಕಟ್ಟೆಯಲ್ಲಿ ಕೂತಿದ್ದ ಗೌಡ ಪೆದ್ದಣ್ಣನನ್ನು ಕಂಡು, "ಏನ್ಲಾ, ನಿಮ್ಮಯ್ಯಗಾರು ಮುಳುಗ್ಸೋದು ಬುಟ್ರಂತೆ? ನಿನ್ನನ್ನ ಚೆನ್ನಾಗಿ ಮುಳುಗ್ಸಿದ್ಮೇಲೆ ಬುಟ್ರು ಬುಡು" ಎಂದು ಕೆಣಕಿದ. ಸುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಲೂ ಪೆದ್ದಣ್ಣ ಅಯ್ಯಗಾರನ್ನು ಬಿಟ್ಟುಕೊಡಲಿಲ್ಲ. ದೊರೆಗಳ ಅಪ್ಪಣೆ, ಪಾಪ ಅಯ್ಯಗಾರು ಏನು ಮಾಡಿಯಾರು, ಹೆಂಡತಿ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋದಾರು ಎಂದುಕೊಂಡ. ಅಂದು ಅವರು ನಂಬಿದ್ದನ್ನು ಅಂದು ಹೇಳಿದರು, ಈಗ ಮನಸ್ಸು ಬದಲಾಗಿರಬಹುದು. ಮನುಷ್ಯನ ಮನಸ್ಸು ಬದಲಾಗುವುದು ತಪ್ಪೇನಲ್ಲ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಮೂರು ದಿನ ಕಳೆದ.

ನಾಲ್ಕನೆಯ ದಿನ ಉಪದೇಶಿಯ ಮನೆಯ ಒರಳು ಸವೆದಿದೆ, ಉಳಿ ಹಾಕಿಕೊಡು ಎಂದು ತಿಮೋತಪ್ಪನ ಹೆಂಡತಿ ಸರಸಮ್ಮ ಹೇಳಿ ಕಳಿಸಿದಳು. ಅವನು ಹೋದಾಗ ತಿಮೋತಪ್ಪ ಪಾವಗಡಕ್ಕೆ ಹೋಗಿದ್ದ. ಸರಸಮ್ಮ ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಏನನ್ನೂ ಮುಚ್ಚಿಡಲು ಬಾರದವಳು. ಅವತ್ತು ಅವಳಿಗೆ ಸಂಭ್ರಮ. ಮಗಳು ಎಸ್ತೇರಿಗೆ ತುಮಕೂರಿನ ಮಿಷನ್ ಬೋರ್ಡಿಂಗ್ ಶಾಲೆಯಲ್ಲಿ ಜಾಗ ಸಿಕ್ಕಿತ್ತು.

"ಸುಲಭಕ್ಕೆ ಸಿಗಲ್ಲ ಪೆದ್ದಣ್ಣ. ಚಿಮುಕೋರ ಸಭೆ ಮಕ್ಕಳಿಗೇ ಮೊದಲು ಅಂದ್ರಂತೆ. ಪುಣ್ಯಕ್ಕೆ ನಮ್ಮ ಹತ್ರ ಕಾಗದ ಇತ್ತು" ಎನ್ನುತ್ತ ಟ್ರಂಕಿನಿಂದ ಒಂದು ಮಡಿಸಿದ ಕಾಗದ ತಂದಳು. ಅದರ ಮೇಲೆ ಪಾರಿವಾಳದ ಚಿತ್ರ, ಕೆಳಗೆ ಮೊಹರು.

"ಯಾವ ಕಾಗ್ದ ಅಮ್ಮಯ್ಯ?"

"ದೀಕ್ಷಾಸ್ನಾನದ್ದು, ಅದೇ ಬಾಪ್ತಿಸ್ಮದ್ದು. ಕೂಸಿಗೆ ಮೂರು ವರ್ಷ ಇರೋವಾಗ ಫಿಟ್ಸ್ ಬಂದು ಕಣ್ಣು ಮೇಲೆ ಮಾಡ್ಬಿಟ್ಲು. ಚಿಮುಕೋರ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ವಿ. ಉಳಿಯೋದು ಕಷ್ಟ ಅಂದ್ರು. ಅಲ್ಲಿನ ಪಾದ್ರಿ ಬಂದು, ತಲೆ ಮೇಲೆ ನೀರು ಹಾಕ್ಲಾ ಅಂತ ಕೇಳಿದ್ರು. ಇವರೇ ಕೂಸನ್ನ ಎತ್ತಿ ಹಿಡ್ಕೊಂಡ್ರು. ದೇವರು ದೊಡ್ಡವನು, ಕೂಸು ಉಳೀತು."

ಪೆದ್ದಣ್ಣ ಕಾಗದ ಇಸಿದುಕೊಂಡ. ಅಕ್ಷರಗಳೆಲ್ಲ ಅವನಿಗೆ ಇರುವೆ ಸಾಲು. ಆದರೆ ಮೊಹರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿದ್ದವು. ಮೈಲಿಗಲ್ಲಿನ ಅಂಕಿಗಳನ್ನು ಓದುವ ಹಾಗೆ ಬೆರಳಿಟ್ಟು ಓದಿದ. ಒಂದು, ಒಂಬತ್ತು, ಮೂರು, ಒಂದು. ಇನ್ನೊಮ್ಮೆ ಓದಿದ. ಹೆಂಡತಿಯ ತಲೆಯ ಕಡೆಯ ಕಲ್ಲಿನಲ್ಲಿ ತಾನೇ ಕೊರೆದ ಕೊನೆಯ ಅಂಕಿ ಎರಡು. ಇದು ಅದಕ್ಕಿಂತ ಒಂದು ವರ್ಷ ಹಿಂದಿನದು.

ಮುದ್ದಕ್ಕನ ಚಾಪೆಯ ಪಕ್ಕ ಕೂತು, ಚಿಮುಕಿಸಿದ್ದು ಬಾಪ್ತಿಸ್ಮವಲ್ಲ ಎಂದು ಹೇಳಿದ ಮನುಷ್ಯ, ಅದಾಗಲೇ ತನ್ನ ಕೂಸಿಗೆ ಚಿಮುಕಿಸಿಕೊಂಡು ಬಂದಿದ್ದ! ಕಾಗದವನ್ನು ಟ್ರಂಕಿನಲ್ಲಿ ಮಡಿಸಿಟ್ಟು ಬಂದು, ಕಣ್ಣಲ್ಲಿ ನೀರು ತಂದುಕೊಂಡು ತಲೆಯಾಡಿಸಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರಿನವರು ನಗುತ್ತ ಹೇಳುವ ಮಾತು. ಆದರೆ ಬದನೆಕಾಯಿ ತಿಂದವನ ಮಾತು ಕೇಳಿ ಇನ್ನೊಬ್ಬ ಉಪವಾಸ ಸತ್ತರೆ ಅದರಲ್ಲಿ ನಗುವುದೇನಿದೆ?

ಒರಳಿಗೆ ಉಳಿ ಹಾಕದೆ ಜಗುಲಿಯ ಮೇಲೆ ಕೂತ. ಹೊತ್ತು ಇಳಿಯುವ ಮುಂಚೆ ತಿಮೋತಪ್ಪ ಸೈಕಲ್ಲು ತಳ್ಳಿಕೊಂಡು ಬಂದ. ಪೆದ್ದಣ್ಣನ ಮುಖ ನೋಡಿದ, ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. ಸೈಕಲ್ಲನ್ನು ಗೋಡೆಗೆ ಒರಗಿಸಲು ಬಹಳ ಹೊತ್ತು ಹಿಡಿಯಿತು.

"ಅಯ್ಯಗಾರೂ, ಆ ಕಾಗ್ದ ನಿಜಾನಾ?"

"ಪೆದ್ದಣ್ಣ, ಕೂಸು ಸಾಯ್ತಾ ಇತ್ತು. ತಂದೆ ಆದವನ ಸಂಕಟ ನಿನಗೆ ಗೊತ್ತಿಲ್ಲ. ನನಗೆ ಆವಾಗ ನಿಯಮ, ಉಪದೇಶ ಯಾವುದೂ ಕಾಣಲಿಲ್ಲ."

"ನೀವು ತಂದೆ. ಸರಿ. ನಾನು ಗಂಡ ಅಲ್ವಾ ಸ್ವಾಮಿ?"

ತಿಮೋತಪ್ಪ ಒರಗಿಸಿಟ್ಟ ಸೈಕಲ್ಲನ್ನು ಮತ್ತೆ ಸರಿಮಾಡಿದ.

"ತಪ್ಪು ಅನ್ನೋದಾದ್ರೆ ಕೂಸಿಗೆ ಯಾಕೆ ಮಾಡಿಸ್ದ್ರಿ? ಸರಿ ಅನ್ನೋದಾದ್ರೆ ನನ್ನೆಂಡ್ತಿಗೆ ಯಾಕೆ ಮಾಡ್ಲಿಲ್ಲ? ಒಂದ್ ಚೆಂಬು ನೀರು ಅಯ್ಯಗಾರೂ. ನಿಮ್ಮಪ್ಪನ ಮನೇದಾ? ನಾವೇ ಸೇದಿದ್ದು."

"ದೊರೆಗೆ ಗೊತ್ತಾಗಿದ್ರೆ ನನ್ನ ಕೆಲಸ ಹೋಗ್ತಿತ್ತು. ಸಭೆಗೆ ಗೊತ್ತಾಗಿದ್ರೆ ಯಾರು ನನ್ನ ಮಾತು ಕೇಳ್ತಿದ್ರು? ಅದು ನನ್ನ ಮನೆಯ ವಿಷಯ ಪೆದ್ದಣ್ಣ. ನಿನಗೆ ಹೇಳಿದ್ದು ಸಭೆಯ ವಿಷಯ." ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿರಬೇಕು, ಕಣ್ಣು ಕೆಳಗೆ ಹಾಕಿದ. "ಭಾನುವಾರ ಸಭೆ ಇದೆ. ಅಲ್ಲೇ ನಿನ್ನ ಸಂಕಟ ಪರಿಹಾರ ಮಾಡ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳಬೇಡ."

ಪೆದ್ದಣ್ಣ ಎದ್ದು ಹೋದ. ಬಾಗಿಲಲ್ಲಿ ಸರಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುದ್ದಕ್ಕ ಸಾಯುವಾಗ ಅದೇ ನೀರು ಕೇಳಿದ್ದಳೆಂದು ಅವಳಿಗೂ ಆಗಲೇ ತಿಳಿದದ್ದು.

ಆ ಮೂರು ದಿನ ಪೆದ್ದಣ್ಣನಿಗೆ ಕೆಲಸ ಮಾಡಲಾಗಲಿಲ್ಲ. ಉಳಿ ಇಟ್ಟ ಕಡೆ ಸುತ್ತಿಗೆ ಬೀಳಲಿಲ್ಲ. ಕೋಪ ಬರುತ್ತಿತ್ತು, ತಿಮೋತಪ್ಪನ ಕುತ್ತಿಗೆ ಹಿಸುಕಬೇಕು ಅನ್ನಿಸುತ್ತಿತ್ತು. ನಂಬಿದವರ ಕತ್ತು ಕುಯ್ದನಲ್ಲ ಎಂದು ಒಬ್ಬನೇ ಬಂಡೆಯ ಮೇಲೆ ಕೂತು ಅತ್ತ. ಆದರೆ ಅತ್ತು ಮುಗಿದ ಮೇಲೂ ಎದೆಯಲ್ಲಿ ಒಂದು ಮುಳ್ಳು ಉಳಿಯುತ್ತಿತ್ತು, ಅದು ತಿಮೋತಪ್ಪನದಲ್ಲ. ಅವಳು 'ನೀನಾದ್ರೂ ಯೋಳು' ಎಂದು ತಿರುಗಿದ್ದಳು. ತಾನು ಅವಳ ಮುಖ ನೋಡಲಿಲ್ಲ, ಅಯ್ಯಗಾರ ಮುಖ ನೋಡಿದೆ.

ಹುಣಸೆಮರದ ಹತ್ತಿರ ಹೋಗಲು ಅವನಿಗೆ ಕಾಲು ಬರಲಿಲ್ಲ. ಹೋದರೆ ಏನು ಹೇಳುವುದು? ಸತ್ಯಕ್ಕೆ ಬೆಲೆ ಕೊಟ್ಟೆವು ಅಂತ ನಾಲ್ಕು ವರ್ಷ ಹೇಳಿದ್ದ.

ಭಾನುವಾರ ಪ್ರಾರ್ಥನೆ ಮನೆ ತುಂಬಿತ್ತು. ಸರಸಮ್ಮ ಮಗಳನ್ನು ಕೂರಿಸಿಕೊಂಡು ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದಳು. ಎಂಟು ವರ್ಷದ ಎಸ್ತೇರು, ಎರಡು ಜಡೆ, ಹೊಸ ರಿಬ್ಬನ್ನು. ತಿಮೋತಪ್ಪ ಪ್ರಾರ್ಥನೆ ಮುಗಿಸಿ, ಹೊಸ ಮಿಷನ್ನಿಗೆ ಸೇರುವ ವಿಷಯವನ್ನು ಸಭೆಯ ಮುಂದಿಟ್ಟ. ಅಷ್ಟರಲ್ಲಿ ಪೆದ್ದಣ್ಣ ಎದ್ದು ನಿಂತ.

"ಒಂದ್ ಮಾತು ಕೇಳ್ಬೇಕು ಅಯ್ಯಗಾರೂ."

ತಿಮೋತಪ್ಪನ ಮುಖ ಸುಣ್ಣದಂತಾಯಿತು. ಅವನ ಕಣ್ಣು ಒಮ್ಮೆ ಮಗಳ ಕಡೆ ಹೋಗಿ ಬಂತು. ಪೆದ್ದಣ್ಣನೂ ಆ ಹುಡುಗಿಯನ್ನು ನೋಡಿದ. ಅವಳು ರಿಬ್ಬನ್ನಿನ ತುದಿ ಬೆರಳಿಗೆ ಸುತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಆ ಕಾಗದದ ವಿಷಯ ಬಾಯಿಯವರೆಗೆ ಬಂದಿತ್ತು. ಹೇಳಿದರೆ ಊರೆಲ್ಲ ಬೆರಳು ತೋರಿಸುವುದು ಆ ಕೂಸಿನ ಕಡೆ. ಅದರ ಹಣೆಗೆ ಬಿದ್ದ ನೀರು ಏನು ತಪ್ಪು ಮಾಡಿತ್ತು? ಅವನು ಆ ಮಾತನ್ನು ನುಂಗಿದ.

"ನನ್ನೆಂಡ್ತಿ ಇವತ್ತು ಸತ್ತಿದ್ರೆ ಎಲ್ಲಿ ಹೂಳ್ತಿದ್ರಿ?" ಎಂದು ಮಾತ್ರ ಕೇಳಿದ.

ತಿಮೋತಪ್ಪನಿಗೆ ಹೋದ ಜೀವ ಬಂದಂತಾಯಿತು. ಕಂಚಿನ ಕಂಠ ಮತ್ತೆ ತೆರೆಯಿತು. "ಒಳಗೇ ಹೂಳ್ತಿದ್ವಿ ಪೆದ್ದಣ್ಣ. ನಾನೇ ಈ ಮಾತು ಎತ್ತಬೇಕು ಅಂತಿದ್ದೆ. ಸಹೋದರರೇ, ಆ ಕಡೆಯ ಗೋಡೆ ಕೆಡವಿ, ಹುಣಸೆಮರವನ್ನೂ ಸೇರಿಸಿ ಹೊಸದಾಗಿ ಕಟ್ಟೋಣ. ಮುದ್ದಕ್ಕನನ್ನ ಒಳಗೆ ತಗೊಳ್ಳೋಣ. ಒಪ್ಪುವವರು ಕೈ ಎತ್ತಿ."

ಕೈಗಳು ಹಾರಿದ ಹಾಗೆ ಮೇಲೆ ಹೋದವು. ಗಂಡಸರು, ಹೆಂಗಸರು, ಎಣಿಕೆಗೆ ಸೇರದ ಮಕ್ಕಳು ಕೂಡ. ಎಲ್ಲರ ಮುಖದಲ್ಲೂ ನಗು. ಕದರಪ್ಪ ಎರಡೂ ಕೈ ಎತ್ತಿದ್ದ. ಯಾರಿಗೂ ಒಂದು ಗಳಿಗೆಯ ಯೋಚನೆಯೂ ಬೇಕಾಗಲಿಲ್ಲ.

ಇಷ್ಟು ಸುಲಭವೇ? ಪೆದ್ದಣ್ಣ ಸುತ್ತ ತಿರುಗಿ ನೋಡಿದ. ನಾಲ್ಕು ವರ್ಷ ತಾನು ಬೆಟ್ಟದಂತೆ ಹೊತ್ತದ್ದು ಇಷ್ಟೇ ಇಷ್ಟು ಹಗುರವಾಗಿತ್ತೇ? ಅವನಿಗೆ ಸಂತೋಷ ಆಗಬೇಕಿತ್ತು. ಆದದ್ದು ಅವಮಾನ.

"ಗೋಡೆ ಕೆಡವ್ಬ್ಯಾಡಿ" ಎಂದ. "ಅವ್ಳು ಅಲ್ಲೇ ಇರ್ಲಿ. ನನ್ನ ಹೆಸ್ರು ಪಟ್ಟಿಯಿಂದ ಹೊಡ್ದಾಕ್ಬುಡಿ. ನಾನು ಸತ್ತಾಗ ಬೊಮ್ಮಪ್ಪ ಗುಂಡಿ ತೋಡ್ತಾನೆ, ಅವ್ಳ ಪಕ್ಕ ಹೂಳ್ಲಿ."

"ಯಾಕ್ಲಾ ಪೆದ್ದಣ್ಣ?" ಕದರಪ್ಪ ಗಾಬರಿಯಾದ. "ಎಲ್ರೂ ಒಪ್ಪವ್ರಲ್ಲ, ಇನ್ಯಾಕ್ಲಾ ಕ್ವಾಪ? ಯೇಸಪ್ಪನ್ನೇ ಬುಟ್ಬುಡ್ತೀಯಾ?"

"ಆ ಯಪ್ಪನ್ನ ಯಾಕೆ ಬುಡ್ಲಿ? ಅವ್ನು ನಂಗೇನೂ ಮೋಸ ಮಾಡಿಲ್ಲ. ಆ ಯಪ್ಪನ್ನೂ ಊರಾಚೇಗೇ ಅಲ್ವಾ ಶಿಲುಬೆಗೆ ಹಾಕಿದ್ದು?" ಪೆದ್ದಣ್ಣ ಕದರಪ್ಪನ ಕಡೆ ತಿರುಗಿದ. "ನಿಮ್ ಮ್ಯಾಲೂ ಕ್ವಾಪ ಇಲ್ಲ ಕದರಪ್ಪ. ನೀನು ಅವತ್ತು ಒಳಗೇ ಹೂಳಾನ ಅಂದೆ. ನಾನು ಕೈ ಎತ್ತಿದ್ಕೆ ನೀನೂ ಎತ್ತಿದೆ. ಅಯ್ಯಗಾರು ನಂಗೆ ಏನ್ ಮಾಡಿದ್ರು ಅನ್ನೋದು ಅವ್ರಿಗೂ ದೇವ್ರಿಗೂ ಗೊತ್ತು. ಆದ್ರೆ ಅವ್ಳು ನಂಬಿದ್ದು ಅಯ್ಯಗಾರನ್ನಲ್ಲ. ನನ್ನ."

ಇಷ್ಟು ಹೇಳಿ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಒಳಗೆ ಕೈಗಳೆಲ್ಲ ಇನ್ನೂ ಎತ್ತಿದಂತೆಯೇ ಇದ್ದವು. ಇಳಿಸಿ ಎಂದು ಹೇಳಬೇಕಾದವನಿಗೆ ಬಾಯಿ ಬರಲಿಲ್ಲ.